ಮದುವೆಗೆ ನಿಂತ ಕಟಾವಿನ ಮಿಶಿನ್ನು

ನಮ್ಮ ಮನೆಯಲ್ಲಿ ಒಲೆ ಹೊತ್ತುವುದಕ್ಕೂ ಮೊದಲು ಗ್ರೀಸು ಹೊಡೆಯುವ ಕೆಲಸ. ಅಂಗಳ ಗುಡಿಸಿ, ನೀರು ಚಿಮುಕಿಸಿ, ಸೆರಗು ನಡುವಿಗೆ ಸಿಕ್ಕಿಸಿಕೊಂಡು, ಗ್ರೀಸ್ ಗನ್ನು ಹಿಡಿದು ನಾನು ಕೊಟ್ಟಿಗೆಯ ಕಡೆ ಹೊರಡುವ ಹೊತ್ತಿಗೆ ಎದುರು ಮನೆಯಾಕೆ ಚೊಂಬು ಹಿಡಿದು ಎಮ್ಮೆ ಹಿಂಡಲು ಹೊರಡುತ್ತಾಳೆ. ದಾರಿಯಲ್ಲಿ ಒಬ್ಬರನ್ನೊಬ್ಬರು ನೋಡಿ ನಗುತ್ತೇವೆ. ಅವಳದು ಹಿಂಡುವ ಕೆಲಸ, ನನ್ನದು ತುಂಬುವ ಕೆಲಸ.

ಕೊಟ್ಟಿಗೆಯಲ್ಲಿ ಈಗ ಎತ್ತುಗಳಿಲ್ಲ. ಮುಂದಿನ ಗೋಡೆ ಒಡೆದು, ತಗಡು ಎತ್ತರಿಸಿ, ಅಲ್ಲಿ ಕಟಾವಿನ ಮಿಶಿನ್ನು ನಿಲ್ಲಿಸಿದ್ದೇವೆ. ಮೆಕ್ಕೆಜೋಳ, ಭತ್ತ, ರಾಗಿ, ಏನು ಕೊಟ್ಟರೂ ಮುಂದಿನ ಬಾಯಿಂದ ನುಂಗಿ, ಕಾಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಹೊಟ್ಟನ್ನು ಹಿಂದಿನಿಂದ ತೂರುತ್ತದೆ. ಓಡಿಸುವವರು ನಮ್ಮ ಮನೆಯವರು. ಸಾಕುವವಳು ನಾನು. ಈ ಪಾಲು ಹೇಗೆ ಬಂತೆಂದರೆ, ಗ್ರೀಸು ಕುಡಿಯುವ ಮೂತಿಗಳಲ್ಲಿ ಅರ್ಧಕ್ಕರ್ಧ ಬೆಲ್ಟುಗಳ ಹಿಂದೆ, ಸರಪಳಿಗಳ ಸಂದಿಯಲ್ಲಿ ಅಡಗಿಕೊಂಡಿವೆ. ನಮ್ಮವರ ಹೊಟ್ಟೆ ಅಲ್ಲಿಗೆ ಹೋಗುವುದಿಲ್ಲ. ಹೊಟ್ಟೆಯನ್ನು ಹೊರಗಿಟ್ಟು ಕೈಯನ್ನಷ್ಟೇ ಒಳಗೆ ಕಳಿಸುವ ಉಪಾಯವನ್ನು ಮೊದಲ ಸುಗ್ಗಿಯಲ್ಲಿ ಮಾಡಿ ನೋಡಿದರು. ಅಂಗಿ ಸಿಕ್ಕಿಕೊಂಡು, ನಾನು ಕತ್ತರಿ ತಂದು ಬಿಡಿಸಬೇಕಾಯಿತು. ಅಂದಿನಿಂದ ಗ್ರೀಸ್ ಗನ್ನು ನನ್ನ ಕೈಗೆ ಬಂತು, ಅಂಗಿ ಒರೆಸುವ ಬಟ್ಟೆಯಾಯಿತು.

ಆ ಬಟ್ಟೆಯಿಂದ ಮೊದಲು ಮೂತಿ ಒರೆಸಬೇಕು. ಒರೆಸದೆ ಗನ್ನು ಹಚ್ಚಿದರೆ ಹೊರಗಿನ ಮಣ್ಣು ಗ್ರೀಸಿನ ಜೊತೆಗೇ ಒಳಗೆ ಹೋಗಿ ಬೇರಿಂಗನ್ನು ಅರೆಯುತ್ತದೆ. ಹಿಡಿಕೆ ಒತ್ತುತ್ತ ಹೋದರೆ ಹಳೆಯ ಗ್ರೀಸು ಕರ್ರಗೆ ಹೊರಬೀಳುತ್ತದೆ, ಅದರ ಹಿಂದೆ ಹೊಸದು ಬೆಳ್ಳಗೆ ಇಣುಕುತ್ತದೆ. ಇಣುಕಿದ್ದು ಕಂಡರೆ ನಿಲ್ಲಿಸಬೇಕು. ಮಕ್ಕಳಿಗೆ ಹಾಲು ಕುಡಿಸಿದಂತೆ, ಬಾಯಿಂದ ಸೋರತೊಡಗಿತೆಂದರೆ ಹೊಟ್ಟೆ ತುಂಬಿತು ಎಂದು ಅರ್ಥ. ಆ ಮೂತಿಗಳಿಗೆ ನಾನೇ ಹೆಸರಿಟ್ಟುಕೊಂಡಿದ್ದೇನೆ. ಎಡಗಡೆಯ ದೊಡ್ಡ ಗಾಲಿಯ ಹಿಂದಿನದು ಕಳ್ಳ, ಎಷ್ಟು ಒತ್ತಿದರೂ ಸಾಕೆನ್ನುವುದಿಲ್ಲ. ಮೇಲೆ ಕಾಳಿನ ಟಾಕಿಯ ಹತ್ತಿರದ್ದು ಸಣ್ಣ ಸೊಸೆ, ಒತ್ತಿದ ಕೂಡಲೇ ತಗೊಳ್ಳುತ್ತದೆ. ಸ್ಟೇರಿಂಗಿನ ಕೆಳಗಿನದು ಕುಳಿತರೂ ಎದ್ದರೂ ಕಿರ್ರೆನ್ನುವುದರಿಂದ ಅದಕ್ಕೆ ಅತ್ತೆಯ ಮಂಡಿ ಎಂದಿದ್ದೆ. ಅತ್ತೆಗೆ ಅದು ಗೊತ್ತಾಯಿತು.

“ನನ್ನ ಮಂಡಿಗೆ ಒಂದಿನ ಎಣ್ಣಿ ಹಚ್ಚಿಲ್ಲ ನೀನು. ಅದಕ್ಕ ದಿನಾ ಹಚ್ಚತಿ,” ಎಂದರು.

ಆ ರಾತ್ರಿಯಿಂದ ಅತ್ತೆಯ ಮಂಡಿಗೂ ಎಣ್ಣೆ ಹಚ್ಚುತ್ತಿದ್ದೇನೆ.

ಗ್ರೀಸಿನದು ಹೀಗೆ ಸರಳ. ಕಷ್ಟ ಬಂದದ್ದು ನೀಲಿ ಮುಚ್ಚಳದಿಂದ. ಹಳೆಯ ಮಿಶಿನ್ನಿಗೆ ಡೀಸೆಲ್ ಹಾಕಿದರೆ ಮುಗಿಯುತ್ತಿತ್ತು. ಅದನ್ನು ಕೊಟ್ಟು ಈ ಹೊಸದನ್ನು ತಂದಾಗ ಡೀಸೆಲ್ ಟಾಕಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಟಾಕಿ ಇತ್ತು, ಅದಕ್ಕೆ ನೀಲಿ ಮುಚ್ಚಳ. ಅದಕ್ಕೆ ಹಾಕುವ ನೀರಿಗೆ ಪುಸ್ತಕದಲ್ಲಿ ಬೇರೆ ಹೆಸರಿದೆ. ನಮ್ಮ ಕಡೆ ಎಲ್ಲರೂ ಯೂರಿಯಾ ನೀರು ಎನ್ನುತ್ತಾರೆ. ನೋಡಲು ಸಾದಾ ನೀರೇ. ಅದು ಸೈಲೆನ್ಸರಿನೊಳಗೆ ಕಾದ ಹೊಗೆಯ ಮೇಲೆ ಸಿಂಪಡಣೆಯಾಗಿ ಹೊಗೆಯ ವಿಷ ಕಳೆಯುತ್ತದೆ ಎಂದು ಮಿಶಿನ್ನು ತಂದುಕೊಟ್ಟವರು ವಿವರಿಸಿದರು.

“ಹೊಗಿಗೆ ಜಳಕ ಮಾಡಸ್ತೀರೇನಪಾ?” ಎಂದು ಅತ್ತೆ ಕೇಳಿದರು.

“ಹಂಗ ಅನ್ಕೊಳ್ರಿ ಅಜ್ಜಿ.”

“ಸೊಸೈಟಿ ಮುಂದ ಜನ ಚಪ್ಲಿ ಪಾಳಿ ಇಟ್ಟು ಯೂರಿಯಾಕ್ಕ ಕಾಯಾಕತ್ತ್ಯಾರ. ಮೆಕ್ಕಿಜೋಳಕ್ಕ ಇಲ್ಲದ್ದು ಹೊಗಿಗೆ ಬೇಕಾತು!”

ಆ ನೀರಿಗೆ ನಾನು ಪ್ರತ್ಯೇಕ ಲಾಳಿಕೆ ಇಟ್ಟಿದ್ದೇನೆ. ಅದು ಡೀಸೆಲ್ ಮುಟ್ಟುವಂತಿಲ್ಲ, ಎಣ್ಣೆ ಮುಟ್ಟುವಂತಿಲ್ಲ, ಧೂಳು ಬೀಳುವಂತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ಇಡುತ್ತೇನೆ. ಡೀಸೆಲ್ ತುಂಬಿಸಿದಾಗಲೆಲ್ಲ ನೀಲಿ ಟಾಕಿಯ ಮುಳ್ಳು ನೋಡಿ ಇದನ್ನೂ ತುಂಬಿಸುತ್ತೇನೆ. ಚೆಲ್ಲಿದ್ದನ್ನು ಕೂಡಲೇ ನೀರಿನಿಂದ ತೊಳೆಯುತ್ತೇನೆ, ಇಲ್ಲದಿದ್ದರೆ ಒಣಗಿ ಬೆಳ್ಳಗೆ ಉಪ್ಪು ಹರಳುಗಟ್ಟುತ್ತದೆ. ಇಷ್ಟು ಮಡಿ ನಮ್ಮ ದೇವರ ಕೋಣೆಯಲ್ಲೂ ಇಲ್ಲ.

ಇನ್ನು ಭಾವನವರ ವಿಷಯ. ಅವರು ನಮ್ಮವರ ದೊಡ್ಡಪ್ಪನ ಮಗ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯ ಮೇಲಿನ ಊರು ನಮ್ಮದು. ನಮ್ಮ ಕೊಟ್ಟಿಗೆಯ ಹಿಂದೆ ಶುರುವಾಗುವ ಭಾವನ ಹೊಲ ಆಚೆ ತುದಿಗೆ ಆ ರಸ್ತೆಯನ್ನು ಮುಟ್ಟುತ್ತದೆ. ಭಾವ ನಮ್ಮ ಮನೆಗೆ ಬಂದರೆ ರೊಟ್ಟಿ ಮೂಸಿ ನೋಡಿ, “ತಂಗಿ, ಇವತ್ತು ಯಾವ ಬೇರಿಂಗಿನ ರೊಟ್ಟಿ?” ಎಂದು ಕೇಳಿ, ಆಮೇಲೆ ನಾಲ್ಕು ತಿನ್ನುವ ಮನುಷ್ಯ.

ಅವರ ಮಗಳಿಗೆ ಹಡಗಲಿ ಕಡೆಯ ಗಂಡು ಗೊತ್ತಾಯಿತು. ಹುಡುಗ ಮಿಲಿಟರಿಯಲ್ಲಿದ್ದಾನೆ. ರಜೆ ಸಿಕ್ಕಿದ್ದು ದೀಪಾವಳಿಯ ಸುತ್ತಮುತ್ತ ಮಾತ್ರ. ತುಳಸಿ ಲಗ್ನಕ್ಕೂ ಮೊದಲು ಮದುವೆಯೇ ಎಂದು ಕೆಲವರು ಮೂಗು ಮುರಿದರೂ ಅಯ್ಯನವರು ದಿನ ತೆಗೆದುಕೊಟ್ಟರು. ಕೊಟ್ಟೂರಿನಲ್ಲಿ ಕಲ್ಯಾಣ ಮಂಟಪ ಕೇಳಿದರೆ ಯಾವುದೂ ಖಾಲಿ ಇರಲಿಲ್ಲ.

“ನನ್ನ ಹೊಲಕ್ಕಿಂತ ದೊಡ್ಡ ಮಂಟಪ ಎಲ್ಲೈತಿ?” ಎಂದರು ಭಾವ. ಲಗ್ನಪತ್ರಿಕೆಯಲ್ಲಿ ಸ್ಥಳ: ವಧುವಿನ ತಂದೆಯವರ ಹೊಲ ಎಂದೇ ಅಚ್ಚು ಹಾಕಿಸಿದರು. ಒಂದೇ ತೊಡಕೆಂದರೆ, ಮಂಟಪದ ತುಂಬ ಆಳೆತ್ತರದ ಮೆಕ್ಕೆಜೋಳ ನಿಂತಿತ್ತು. ಮಳೆ ತಡವಾಗಿ ಬಿತ್ತನೆ ತಡವಾದ ವರ್ಷ ಅದು.

ನಮ್ಮವರು ಹೇಳಿದರು, “ಯಣ್ಣಾ, ಮದುವಿ ಹತ್ರ ಬಂತು. ಹಬ್ಬಕ್ಕ ಮುಂಚೆನ ಕೊಯ್ಸಿಬಿಡು.”

“ತೆನಿ ಇನ್ನಾ ಹಸಿ ಅದಾವೋ ತಮ್ಮಾ. ಈಗ ಕೊಯ್ಸಿ ಬೂಸ್ಲು ಹಿಡಿಸ್ಲೇನು? ಪಾಡ್ಯದ ಮರುದಿನ ನಿನ್ನ ಮಿಶಿನ್ ಬಿಡು. ಒಂದು ಮಧ್ಯಾಹ್ನದ ಕೆಲಸ. ಅದರ ಮರುದಿನ ಚಪ್ಪರದವರು ಕಂಬ ಹುಗಿತಾರ. ಅದರ ಮರುದಿನ ಮದುವಿ, ಅಕ್ಕಿಕಾಳು.”

“ಮಿಶಿನ್ ಕೈ ಕೊಟ್ಟರ?”

“ನಿನ್ನ ಹೆಂಡ್ತಿ ದಿನಾ ಅದರ ಬಾಯಿಗೆ ಬೆಣ್ಣಿ ಇಡತಾಳ. ಯಾಕ ಕೈ ಕೊಡತೈತಿ?”

ಹೀಗೆ ಭಾವನ ಮಗಳ ಮದುವೆಯ ಜಾಗ ನಮ್ಮ ಮಿಶಿನ್ನಿನ ಕೈಯಲ್ಲಿ ಬಂದು ಕುಳಿತಿತು. ಬೇರೆ ಮಿಶಿನ್ನು ತರಿಸುತ್ತೇವೆಂದರೂ ಆಗುವ ಹಾಗಿರಲಿಲ್ಲ. ಸುಗ್ಗಿಗೆ ತಮಿಳುನಾಡಿನಿಂದ ಬರುವ ಮಿಶಿನ್ನುಗಳು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ರಸ್ತೆಯ ಬದಿಗಳಲ್ಲಿ ನಿಂತೇ ಇರುತ್ತವೆ. ಆದರೆ ದೀಪಾವಳಿ ಬಂತೆಂದರೆ ಅವುಗಳ ಡ್ರೈವರುಗಳು ಊರಿಗೆ ಹೋಗಿಬಿಡುತ್ತಾರೆ. ಮಿಶಿನ್ನುಗಳು ಮಾತ್ರ ತವರಿಗೆ ಕರೆಯದ ಸೊಸೆಯರಂತೆ ಬೇಲಿಯ ಪಕ್ಕ ನಿಂತಿರುತ್ತವೆ.

ಪಾಡ್ಯದ ದಿನ ಬಂತು. ಅದು ದನಗಳ ಹಬ್ಬ. ಎದುರು ಮನೆಯವರು ಎಮ್ಮೆ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಚೆಂಡುಹೂವಿನ ಸರ ಹಾಕುತ್ತಿದ್ದರು. ಎತ್ತುಗಳನ್ನು ಮಾರಿದಾಗಿನಿಂದ ನಮ್ಮ ಅತ್ತೆಗೆ ಆ ದಿನ ಕೈಕಾಲು ಆಡುವುದಿಲ್ಲ. ಯಾರಿಗೆ ಪೂಜೆ ಮಾಡಬೇಕು? ಕೊಟ್ಟಿಗೆಯಲ್ಲಿ ನಿಂತದ್ದಕ್ಕೇ ಮಾಡುತ್ತಾರೆ. ಎದುರು ಮನೆಯ ಸಗಣಿ ತಂದು ಅದರಲ್ಲಿ ಪಾಂಡವರ ಗೊಂಬೆ ಮಾಡಿ, ಉತ್ರಾಣಿ ಕಡ್ಡಿ ಸಿಕ್ಕಿಸಿ, ಮಿಶಿನ್ನಿನ ಮೆಟ್ಟಿಲಿನ ಮೇಲೆ ಸಾಲಾಗಿ ಕೂರಿಸಿದರು. ಮುಂದಿನ ಬಾಯಿಗೆ ಹೂ, ಗಾಲಿಗಳಿಗೆ ವಿಭೂತಿ. ನಾನು ಗ್ರೀಸು ಮುಗಿಸಿ, ನೀಲಿ ಟಾಕಿ ತುಂಬಿಸಿ, ಲಾಳಿಕೆ ಒರೆಸಿಕೊಂಡು ಹೋಳಿಗೆ ಮಾಡಲು ಒಳಗೆ ಹೋದೆ.

ಮರುದಿನ ಬಿಸಿಲೇರಿದ ಮೇಲೆ ನಮ್ಮವರು ಮಿಶಿನ್ನು ಹೊರಡಿಸಿದರು. ಕೊಟ್ಟಿಗೆಯ ಹಿಂದಿನಿಂದಲೇ ಭಾವನ ಹೊಲಕ್ಕೆ ಇಳಿಸಿ, ಮನೆಯ ಕಡೆಯ ತುದಿಯಿಂದ ಶುರು ಮಾಡಿದರು. ಮೊದಲ ಸಾಲು ಹೂವಿನಂತೆ ಹೋಯಿತು. ಭಾವ ಬದುವಿನ ಮೇಲೆ ನಿಂತು, ಕೊಯ್ದ ಜಾಗ ತೋರಿಸಿ, “ಇಲ್ಲಿ ಅಡಗಿ, ಇಲ್ಲಿ ಪಂಕ್ತಿ, ಅಲ್ಲಿ ಬೀಗರು,” ಎಂದು ಹೊಟ್ಟಿನ ಮೇಲೇ ಮದುವೆ ಹಂಚುತ್ತಿದ್ದರು. ಹೊಲ ಅರ್ಧಕ್ಕೆ ಬರುವ ಮುಂಚೆ ಮಿಶಿನ್ನಿನೊಳಗೆ ಪೀಂ ಪೀಂ ಎಂದಿತು. ಹಳದಿ ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಅದು ಕೆಂಪಾಯಿತು. ಆಮೇಲೆ ಇಂಜಿನ್ನು ನಿಟ್ಟುಸಿರು ಬಿಟ್ಟಂತೆ ಸದ್ದು ಇಳಿಸಿತು. ನಮ್ಮವರು ಎಷ್ಟು ತುಳಿದರೂ ಓಡಲೊಲ್ಲದು. ನಿಂತಿರಲಿಲ್ಲ, ಹೋಗುತ್ತಿತ್ತು. ಆದರೆ ಹುಳ ಸಿಕ್ಕೀತೆಂದು ಅದರ ಹಿಂದೆ ನಡೆಯುತ್ತಿದ್ದ ಬೆಳ್ಳಕ್ಕಿಗೂ ಬೇಸರ ಬಂದು ಹಾರಿಹೋಗುವಷ್ಟು ನಿಧಾನ.

ಭಾವ ಬದುವಿನಿಂದ ಕೂಗಿದರು, “ಲೇ ತಮ್ಮಾ, ನನ್ನ ಮಗಳ ಮದುವಿ ಈ ವರ್ಷ ಐತಿ!”

“ಯಣ್ಣಾ, ಇದು ಕೇಳವಲ್ದು!”

“ಗ್ರೀಸ್ ಕಡಿಮಿ ಆಗೈತಿ ನೋಡು.”

ಆ ಮಾತು ನನಗೆ ತಾಗಿತು. “ಭಾವಾರ, ಏನರ ಅನ್ರಿ, ಗ್ರೀಸಿಗೆ ಮಾತ್ರ ಅನ್ಬ್ಯಾಡ್ರಿ,” ಎಂದು ನಾನು ಬಟ್ಟೆ ಹಿಡಿದು ಹೊಲಕ್ಕಿಳಿದು ಎಲ್ಲ ಮೂತಿಗಳನ್ನೂ ಒರೆಸಿ ತೋರಿಸಿದೆ. ಕಳ್ಳನೂ ತೃಪ್ತನಾಗಿದ್ದ. ಗಾಳಿಯ ಜಾಲರಿ ತೆಗೆದು ಹೊಟ್ಟು ಕೊಡವಿದೆ. ಬೆಲ್ಟು ಒತ್ತಿ ನೋಡಿದೆ. ಕೆಂಪು ದೀಪದ ಪಕ್ಕದಲ್ಲಿದ್ದ ಚಿತ್ರ ನೋಡಿದರೆ ಅದು ನೀಲಿ ಟಾಕಿಯ ಚಿತ್ರ. ನಿನ್ನೆಯೇ ತುಂಬಿಸಿದ ಟಾಕಿ! ನನಗೆ ತಲೆಬುಡ ತಿಳಿಯಲಿಲ್ಲ.

ಆಗ ಅತ್ತೆ ಬಂದರು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಗೊಟ್ಟ. ಗೊಟ್ಟವೆಂದರೆ ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ದುಡಿದು ಸೊರಗಿದ ಎತ್ತಿನ ಬಾಯಿ ಎತ್ತಿ ಹಿಡಿದು ಅದರಿಂದ ಔಷಧ ಹೊಯ್ಯುತ್ತಾರೆ. ಎತ್ತು ಹೋದ ಮೇಲೂ ಅದು ಕೊಟ್ಟಿಗೆಯ ಗೂಟದಲ್ಲೇ ತೂಗುತ್ತಿತ್ತು.

“ಸರೀರಿ ಎಲ್ಲಾರು,” ಎಂದರು. “ಒಂದು ಗೊಟ್ಟಕ್ಕ ಏನಾಗತೈತಿ? ಸಣ್ಣ ಎತ್ತಿಗೇ ಎರಡು ಹಾಕ್ತಿದ್ವಿ. ಇದರ ಮೈ ನೋಡ್ರಿ.”

“ಅತ್ತಿ,” ಎಂದೆ ನಾನು ಮೆಲ್ಲಗೆ, “ಮೊದಲನೇದು ಯಾವಾಗ ಹಾಕಿದ್ರಿ?”

“ನಿನ್ನಿ. ನೀ ಹೋಳಿಗಿ ಬಡಿಯಾಕ ಹೋದಾಗ. ದನದ ಹಬ್ಬದಾಗ ಕೊಟ್ಟಿಗ್ಯಾಗಿನ ಜೀವಕ್ಕ ಬಾಯಿ ಕಟ್ಟಿ ನಿಲ್ಸಬೇಕೇನು?”

“ಎಲ್ಲಿ ಹಾಕಿದ್ರಿ?”

ಅತ್ತೆ ಗೊಟ್ಟದ ತುದಿಯಿಂದ ನೀಲಿ ಮುಚ್ಚಳ ತೋರಿಸಿದರು. “ಅದರಾಗ. ಇನ್ನೊಂದು ಬಾಯಿ ಸೀಮಿಎಣ್ಣಿ ನಾರತೈತಿ, ಅದರಾಗ ಹ್ಯಾಂಗ ಹಾಕ್ಲಿ? ಇದು ನೀರು ಕುಡಿಯೋ ಬಾಯಿ. ನೀನ ದಿನಾ ಕುಡಿಸ್ತಿ. ಗೊಟ್ಟ ಇಟ್ಟರ ಅಳತಿ ತಗೊಂಡು ಮಾಡಿದಂಗ ಕೂಡತೈತಿ.”

ಅದು ನಿಜವೇ. ಬೇರೆ ಎಣ್ಣೆಯ ಪೈಪು ತಪ್ಪಿ ಹೋಗದಿರಲೆಂದು ಮಿಶಿನ್ನು ಮಾಡಿದವರು ಆ ಬಾಯಿಯನ್ನು ಸಣ್ಣದಾಗಿ ಮಾಡಿದ್ದರು. ಬಿದಿರನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾವ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟರು. ನಾನು ದಾವಣಗೆರೆಯ ಸರ್ವಿಸಿನವನಿಗೆ ಫೋನು ಹಚ್ಚಿದೆ. ಹಬ್ಬದ ಊಟ ಮಾಡಿ ಮಲಗಿದ್ದವನ ದನಿ.

“ಟ್ಯಾಂಕಿಗೆ ಬೇರೆ ಏನಾದ್ರೂ ಹಾಕಿದ್ರಾ ಅಕ್ಕಾರೆ? ನಲ್ಲಿ ನೀರು, ಡೀಸೆಲ್ಲು?”

“ಬೆಲ್ಲರಿ.”

“ಏನ್ರೀ?”

“ಬೆಲ್ಲ, ಅರಿಷಿಣ, ಕುಸುಬಿ ಎಣ್ಣಿ, ಬೆಳ್ಳುಳ್ಳಿ, ಅಜವಾನ.”

ಆ ಕಡೆ ಮಂಚ ಕಿರ್ರೆಂದಿತು. “ಅಕ್ಕಾರೆ, ನಾನು ಮಿಶಿನ್ನಿಂದು ಕೇಳಿದ್ದು.”

“ನಾನೂ ಮಿಶಿನ್ನಿಂದ ಹೇಳಾಕತ್ತಿದ್ದು.”

ಅತ್ತೆ ಪಕ್ಕದಿಂದ, “ಮೆಣಸು ಹೇಳು, ಮೆಣಸು ಬಿಟ್ಟಿ,” ಎಂದರು.

“ಮೆಣಸೂ ಐತಂತ್ರಿ.”

“ಬಂದ್ ಮಾಡ್ರಿ,” ಎಂದ ಆತ. ನಿದ್ದೆ ಪೂರ್ತಿ ಹಾರಿತ್ತು. “ಈಗಿಂದೀಗ್ಲೇ ಬಂದ್ ಮಾಡಿ ಚಾವಿ ತೆಗೀರಿ. ಆ ಬೆಲ್ಲ ಪಂಪಿನಾಗೆ ಹೋಗಿ ಕೂತೈತೆ. ಇನ್ನೊಂದು ಸುತ್ತು ಓಡಿಸಿದ್ರೆ ಪಂಪು ಹೋಗ್ತತೆ. ನಾನು ಫಿಲ್ಟರ್ ತಗೊಂಡು ನಾಡಿದ್ದು ಬರ್ತೀನಿ. ನಾಳೆ ಅಂಗಡಿ ತೆಗೆಯಲ್ಲ.”

ನಾಡಿದ್ದು ಅಕ್ಕಿಕಾಳು. ನಮ್ಮವರು ಚಾವಿ ತೆಗೆದರು. ಮಿಶಿನ್ನು ಹೊಲದ ಮಧ್ಯೆ, ಭಾವ ಮಂಟಪಕ್ಕೆಂದು ಗುರುತು ಹಾಕಿಕೊಂಡಿದ್ದ ಜಾಗದ ಪಕ್ಕದಲ್ಲೇ, ತುಟಿಗೆ ಒಣಗಿದ ಚೆಂಡುಹೂ ಕಚ್ಚಿಕೊಂಡು ನಿಂತಿತು.

ಅತ್ತೆ ಹೆದರಿದ ದನಿಯಲ್ಲಿ ನನ್ನ ಕಿವಿಯ ಹತ್ತಿರ ಕೇಳಿದರು, “ಬದುಕತೈತಿಲ್ಲೋ?”

“ಬದುಕತೈತಿ ಅತ್ತಿ. ಅಜೀರ್ಣ ಆಗೈತಿ ಅಷ್ಟ.”

ಆ ಸಂಜೆ ಯಾರದೋ ಎರಡು ಟ್ರ್ಯಾಕ್ಟರು ಕಟ್ಟಿ ಮಿಶಿನ್ನನ್ನು ಎಳೆಯಲು ನೋಡಿದರು. ಎರೆ ಹೊಲ, ಅಡಿಯಲ್ಲಿ ಇನ್ನೂ ತೇವ. ಗಾಲಿ ಹೂತು, ಹಗ್ಗ ಹರಿದು, ಕೊನೆಗೆ ಆದದ್ದೇನೆಂದರೆ ಮೊದಲು ಬೆನ್ನು ಹಾಕಿ ನಿಂತಿದ್ದ ಮಿಶಿನ್ನು ಈಗ ಮಂಟಪದ ಜಾಗಕ್ಕೇ ಮುಖ ಮಾಡಿ ನಿಂತಿತು.

“ಸಾಕು ಬಿಡ್ರಿ,” ಎಂದರು ಭಾವ. “ಇನ್ನೊಂದು ಸಲ ಎಳದ್ರ ಅದು ಹಸಿಮಣಿ ಮ್ಯಾಲೆ ಹತ್ತಿ ಕೂಡತೈತಿ.”

ಮರುದಿನ ಬೆಳಿಗ್ಗೆಯಿಂದ ನೆಂಟರು, ಓಣಿಯವರು, ಅರಿಷಿಣ ಹಚ್ಚಲೆಂದು ಬಂದ ಹೆಂಗಸರು, ಎಲ್ಲರೂ ಕುಡುಗೋಲು ಹಿಡಿದೆವು. ಸುಗ್ಗಿಯಲ್ಲಿ ಆಳು ಸಿಗುವುದಿಲ್ಲವಾದ್ದರಿಂದ ಅರಸೀಕೆರೆಯಿಂದ ಬಂದಿದ್ದ ಹುಡುಗಿಯ ಸೋದರತ್ತೆ ರೇಷ್ಮೆ ಸೀರೆ ಎತ್ತಿ ಕಟ್ಟಿಕೊಂಡು ದಂಟು ಕಡಿದಳು. ಸಂಜೆಯ ಹೊತ್ತಿಗೆ ಚಪ್ಪರಕ್ಕೆ ಬೇಕಾದಷ್ಟು ಜಾಗವಾಯಿತು. ರಸ್ತೆಯ ಕಡೆಯ ಪಟ್ಟಿ ಮಾತ್ರ ಹಾಗೇ ಉಳಿಯಿತು. ಅದರ ನಡುವೆ ಒಬ್ಬರ ಹಿಂದೊಬ್ಬರು ಬರುವಷ್ಟು ದಾರಿ ಕಡಿದೆವು. ಚಪ್ಪರದವರು ಕೊಟ್ಟೂರಿನಿಂದ ಕಂಬ ತಂದು, ಮಿಶಿನ್ನಿನ ಸುತ್ತ ಒಂದು ಸುತ್ತು ಹಾಕಿ, ತಲೆ ಕೆರೆದುಕೊಂಡರು.

“ಇದನ್ನೇನು ಮಾಡೂಣ್ರಿ ಯಜಮಾನ್ರ?”

“ಅದಕ್ಕೂ ಒಂದು ಸರ ಲೈಟ್ ಬಿಡ್ರಿ,” ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ತಂಗಿ, ಬೀಗರು ಕೇಳ್ತಾರ. ನಮ್ಮ ಚಿಗವ್ವ ಮಿಶಿನ್ನಿಗೆ ಗೊಟ್ಟ ಹಾಕ್ಯಾಳ ಅಂತ ಹ್ಯಾಂಗ ಹೇಳ್ಲಿ? ಹುಡುಗಿ ಬಾಳ್ವಿ ಮಾಡೋ ಮನಿಯವ್ರು. ಆಯುಷ್ಯ ಪೂರ್ತಿ ಅದನ್ನ ಹಿಡ್ಕೊಂಡು ಆಡಸ್ತಾರ,” ಎಂದರು. ಭಾವನ ಕಣ್ಣಲ್ಲಿ ತಮಾಷೆ ಇಲ್ಲದ್ದನ್ನು ನಾನು ಆಗಲೇ ನೋಡಿದ್ದು.

ಮದುವೆಯ ದಿನ ಗಂಡಿನ ದಿಬ್ಬಣ ರಸ್ತೆಯಲ್ಲಿ ಇಳಿದು ಮೆಕ್ಕೆಜೋಳದೊಳಗಿನಿಂದ ಬಂತು. ನಮಗೆ ಈ ಕಡೆಯಿಂದ ಮೊದಲು ಕಂಡದ್ದು ಬಾಸಿಂಗ. ದಂಟಿನ ತುದಿಯ ಸೂಲಂಗಿಗಳ ಮೇಲೆ ಅದೊಂದೇ ತೇಲಿಕೊಂಡು ಬರುತ್ತಿತ್ತು. ಬ್ಯಾಂಡಿನವರಲ್ಲಿ ಡೊಳ್ಳಿನವನಿಗೆ ಆ ಸಣ್ಣ ದಾರಿ ಸಾಲದೆ ದಂಟಿನೊಳಗೆ ನುಗ್ಗಿ ದಿಕ್ಕು ತಪ್ಪಿದ. ಮದುಮಗ ಚಪ್ಪರ ಸೇರಿದ ಮೇಲೂ ಹೊಲದ ಇನ್ನೊಂದು ಮೂಲೆಯಿಂದ ಢಂ ಢಂ ಕೇಳುತ್ತಿತ್ತು.

ಆರತಿ ಆಯಿತು, ಕಾಲಿಗೆ ನೀರು ಆಯಿತು. ಗಂಡಿನ ಸೋದರಮಾವ ತಲೆ ಎತ್ತಿ ನೋಡಿದರು. ಮಣೆಯ ಎದುರಿಗೆ, ಸರ ದೀಪ ಹಾಕಿಕೊಂಡು, ಹಲ್ಲು ತೋರಿಸುತ್ತ ಮಿಶಿನ್ನು ನಿಂತಿತ್ತು.

“ಬೀಗರ, ಇದೇನ್ರಿ ಇದು?”

ಭಾವ ಗಂಟಲು ಸರಿಮಾಡಿಕೊಂಡರು. “ಅದು ಪದ್ಧತಿರಿ.”

“ಎಂಥಾ ಪದ್ಧತಿ?”

“ನಮ್ಮ ಮನೆತನದ್ದು. ಸುಗ್ಗ್ಯಾಗ ಮದುವಿ ಬಂದ್ರ ಕಟಾವಿನ ಮಿಶಿನ್ ಮುಂದ ನಿಂದಿರಬೇಕು.”

“ನಿಮ್ಮ ಮನೆತನ ಭಾಳ ಹಳೇದು ಅಂತ ಕೇಳಿದ್ವಿ. ಮಿಶಿನ್ ಹೊಸದೈತಲ್ರಿ?”

“ಮೊದಲ ಕುಡುಗೋಲು ಇಡ್ತಿದ್ವಿ,” ಎಂದರು ಭಾವ, ಕಣ್ಣು ಮಿಟುಕಿಸದೆ.

ಸೋದರಮಾವ ತಲೆಯಾಡಿಸಿದರು. ಅವರ ಹಿಂದಿದ್ದವರೂ ಆಡಿಸಿದರು. ಪದ್ಧತಿ ಎಂದ ಮೇಲೆ ನಮ್ಮ ಕಡೆ ಮುಂದಿನ ಪ್ರಶ್ನೆ ಯಾಕೆ ಎನ್ನುವುದಲ್ಲ, ಹೇಗೆ ಎನ್ನುವುದು. ಮದುಮಗನ ಅಜ್ಜಿ ಕೋಲೂರಿಕೊಂಡು ಮುಂದೆ ಬಂದು ನಮ್ಮ ಅತ್ತೆಯನ್ನು ಕೇಳಿದರು, “ಅಲ್ಲವ್ವಾ, ನಮ್ಮ ಕಡೆ ಇದು ಇಲ್ಲ. ಏನೇನು ಮಾಡಬೇಕು ಹೇಳ್ರಿ. ಹೆಣ್ಣಿನ ಮನಿ ಪದ್ಧತಿ ಬಿಟ್ಟೀವಿ ಅಂತ ನಾಳೆ ಮಾತು ಬರಬಾರದು.”

ಎರಡು ದಿನದಿಂದ ಮೂಲೆಯಲ್ಲಿ ಮುದುಡಿ ಕುಳಿತಿದ್ದ ಅತ್ತೆ ಎದ್ದು ಸೆರಗು ಸರಿಮಾಡಿಕೊಂಡರು.

“ಮದುಮಕ್ಕಳು ಐದು ಸುತ್ತು ಬರಬೇಕು,” ಎಂದರು. “ಬಲಗಾಲು ಮುಂದ.”

ಅಯ್ಯನವರು ನನ್ನ ಕಡೆ ನೋಡಿದರು, ನಾನು ಅಕ್ಷತೆಯ ತಟ್ಟೆ ನೋಡಿದೆ. ಅವರಿಗೂ ಹಸಿವಾಗಿತ್ತು, ಮಂತ್ರ ಮುಂದುವರಿಸಿದರು. ಅಕ್ಕಿಕಾಳು ಬಿದ್ದ ಮೇಲೆ ಹುಡುಗ ಹುಡುಗಿ ಮಿಶಿನ್ನಿನ ಸುತ್ತ ಹೊರಟರು. ಹುಡುಗ ಮಿಲಿಟರಿಯವನು, ಹೇಳಿದ್ದನ್ನು ಪ್ರಶ್ನೆ ಮಾಡದೆ ಮಾಡುತ್ತಾನೆ, ಹೆಜ್ಜೆಯೂ ತಪ್ಪುವುದಿಲ್ಲ. ಹುಡುಗಿಗೆ ಎಲ್ಲ ಗೊತ್ತಿತ್ತು. ಬಾಸಿಂಗದ ಹಿಂದೆ ಅವಳ ಭುಜ ಅಲುಗುತ್ತಿತ್ತು. ಗಂಡಿನ ಕಡೆಯವರು ತವರು ಬಿಡುವ ದುಃಖ ಎಂದುಕೊಂಡರು.

ನಾನು ಮಾತ್ರ ನೀಲಿ ಮುಚ್ಚಳ ಬಿಟ್ಟು ಒಂದು ಹೆಜ್ಜೆ ಕದಲಲಿಲ್ಲ. ಯಾಕೆಂದರೆ ಅಜ್ಜಿ ಬೆಳ್ಳಿ ಲೋಟದಲ್ಲಿ ಹಾಲು ಹಿಡಿದುಕೊಂಡು, “ಇದಕ್ಕೊಂದು ಗುಟುಕು ಎಲ್ಲಿ ಹಾಕಬೇಕವ್ವಾ?” ಎಂದು ಬಂದಿದ್ದರು.

ಅತ್ತೆಯ ಕೈ ಅಭ್ಯಾಸಬಲದಿಂದ ಮೇಲೇಳುತ್ತಿತ್ತು. ನಾನು ನಡುವೆ ನಿಂತೆ. “ಅದು ಹೆಣ್ಣಿನ ಕಡೆಯವ್ರು ಮುಗಿಸ್ಯಾರ್ರಿ ಅಜ್ಜಿ. ಗಂಡಿನ ಕಡೆಯವ್ರು ಹಾಲು ಮದುಮಗಗ ಕುಡಿಸಬೇಕು.”

ಹಾಲು ಹುಡುಗನಿಗೆ ಹೋಯಿತು. ಆತ ಅದನ್ನೂ ಪ್ರಶ್ನೆ ಮಾಡದೆ ಕುಡಿದ.

ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ದಾವಣಗೆರೆಯ ಸರ್ವಿಸಿನವನು ಬಂದ. ಕಂಪನಿಯ ಅಂಗಿ, ಕೈಗೆ ರಬ್ಬರಿನ ಗವಸು, ಹೆಗಲಲ್ಲಿ ಲ್ಯಾಪ್‌ಟಾಪು, ಕೈಯಲ್ಲಿ ಬಕೀಟು. ಮೆಕ್ಕೆಜೋಳದಿಂದ ಹೊರಬಂದವನು ಚಪ್ಪರ, ದೀಪ, ಜನ ನೋಡಿ ಅಲ್ಲೇ ನಿಂತ. ಗಂಡಿನ ಕಡೆಯವರು ಗೌರವದಿಂದ ದಾರಿ ಬಿಟ್ಟರು. ಇದೂ ಪದ್ಧತಿಯೊಳಗಿನದೇ ಇರಬೇಕೆಂದು ಒಬ್ಬರು ಆತನ ಹಣೆಗೆ ವಿಭೂತಿಯನ್ನೂ ಹಚ್ಚಿದರು.

“ಅಕ್ಕಾರೆ, ಇಲ್ಲೇನು ನಡೆದೈತೆ?” ಎಂದು ಪಿಸುಗುಟ್ಟಿದ.

“ಮದುವಿ. ನೀ ನಿನ್ನ ಕೆಲಸ ಮಾಡಪಾ. ಯಾರರ ಏನರ ಕೇಳಿದ್ರ ಮಾತಾಡಬ್ಯಾಡ.”

ಆತ ಕೆಳಗೆ ಕುಳಿತು ತಿರುಪು ಬಿಚ್ಚಿದ. ನೀಲಿ ಟಾಕಿಯಿಂದ ಬಕೀಟಿಗೆ ಹಳದಿ ನೀರು ಇಳಿಯತೊಡಗಿತು. ಮೇಲೆ ಎಣ್ಣೆಯ ಹೊಳಪು, ಬೆಳ್ಳುಳ್ಳಿಯ ಘಮ. ತಿರುಗಿ ನೋಡುತ್ತೇನೆ, ಅಜ್ಜಿ ಮುಂದೆ, ಅವರ ಹಿಂದೆ ಗಂಡಿನ ಕಡೆಯ ಮುತ್ತೈದೆಯರೆಲ್ಲ ಸಾಲಾಗಿ ನಿಂತು, ಎಡಗೈಯ ಮೇಲೆ ಬಲಗೈ ಇಟ್ಟು, ತೀರ್ಥಕ್ಕೆ ಅಂಗೈ ಒಡ್ಡಿದ್ದಾರೆ.

ಸರ್ವಿಸಿನವನು ಬಾಯಿ ತೆರೆದ. “ಅಮ್ಮಾ, ಇದು ಕುಡಿಯೋದಲ್...”

ಅಷ್ಟರಲ್ಲಿ ನಾನೇ ಕೂಗಿದೆ, “ದೃಷ್ಟಿ ತಗದ ನೀರ್ರಿ ಅದು! ಕಾಲಿಗೂ ತಾಕಬಾರ್ದು!”

ಸಾಲು ಒಂದೇ ನೆಗೆತಕ್ಕೆ ಹಿಂದೆ ಹೋಯಿತು. ಅಜ್ಜಿಯ ಕೋಲು ಮಾತ್ರ ಅಲ್ಲೇ ಬಿದ್ದಿತ್ತು. ಭಾವ ದೂರದಲ್ಲಿ ಬಡಿಸುತ್ತಿದ್ದವರು ಸಾರಿನ ಸೌಟು ಹಿಡಿದುಕೊಂಡೇ ಕಣ್ಣು ಮುಚ್ಚಿ ನಿಂತಿದ್ದರು. ನಾನು ಬಕೀಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೂರದ ಬದುವಿನಾಚೆ ಚೆಲ್ಲಿ ಬಂದೆ. ದಾರಿಯುದ್ದಕ್ಕೂ ಜನ ಸೀರೆ ಪಂಚೆ ಎತ್ತಿಕೊಂಡು ಸರಿದರು.

ಟಾಕಿ ತೊಳೆದು, ಫಿಲ್ಟರ್ ಬದಲಿಸಿ, ಪಂಪು ಬಿಚ್ಚಿ ಹಾಕಿ, ಆತ ಹೊಸ ಯೂರಿಯಾ ನೀರು ಕೇಳಿದ. ಲಾಳಿಕೆ ನಾನೇ ಹಿಡಿದೆ. ಲ್ಯಾಪ್‌ಟಾಪು ಜೋಡಿಸಿ ಏನೇನೋ ಒತ್ತಿ, “ಈಗ ಸ್ವಲ್ಪ ದುಡಿಸ್ಬೇಕು. ಸೈಲೆನ್ಸರ್ ಕಾದ್ರೇನೆ ಕೆಂಪು ದೀಪ ಹೋಗೋದು,” ಎಂದ.

ಆ ಹೊತ್ತಿಗೆ ಹುಡುಗಿಯನ್ನು ಕಳಿಸುವ ಸಮಯವಾಗಿತ್ತು. ಹೂ ಕಟ್ಟಿದ ಕಾರು ರಸ್ತೆಯಲ್ಲಿ ನಿಂತಿತ್ತು. ನಡುವೆ ಆ ಮೆಕ್ಕೆಜೋಳದ ಪಟ್ಟಿ. ಬೆಳಿಗ್ಗೆ ಆ ಸಣ್ಣ ದಾರಿಯಲ್ಲಿ ಬಂದಿದ್ದ ಗಂಡಿನ ಕಡೆಯ ಹೆಂಗಸರು ಸೀರೆಗೆ ಸಿಕ್ಕಿದ ತೆನೆಯ ಕೂದಲು, ಗರಿ ಕೀಳುತ್ತಲೇ ಊಟ ಮಾಡಿದ್ದರು.

ಭಾವ ನಮ್ಮವರ ಹತ್ತಿರ ಬಂದರು. “ತಮ್ಮಾ, ನನ್ನ ಮಗಳು ದಂಟಿನ್ಯಾಗ ನುಸುಳಿ ಗಂಡನ ಮನಿಗೆ ಹೋಗೋದು ಬ್ಯಾಡ. ಆಕಿ ಎದಿ ಮುಂದ ಮಾಡಿ ನಡೀಲಿ. ದಾರಿ ಮಾಡಿಕೊಡು.”

ನಮ್ಮವರು ಮೇಲೆ ಹತ್ತಿದರು. ಮಿಶಿನ್ನು ಒಮ್ಮೆ ಕೆಮ್ಮಿ, ಮೈ ನಡುಗಿಸಿ, ಶುರುವಾಯಿತು. ಸರ ದೀಪದ ವೈರು ಕಿತ್ತುಕೊಂಡು ಚಪ್ಪರದ ಬದಿಯಿಂದ ಹೊರಬಿದ್ದು, ದಂಟಿನ ಪಟ್ಟಿಗೆ ಬಾಯಿ ಹಾಕಿತು. ಅದರ ಹಿಂದೆ ಮದುಮಕ್ಕಳು, ಅವರ ಹಿಂದೆ ಬೀಗರು, ಅವರ ಹಿಂದೆ ನಾವು. ಮಿಶಿನ್ನಿನ ಹಿಂಬದಿಯಿಂದ ಹೊಟ್ಟು ಎಲ್ಲರ ಮೇಲೂ ಸುರಿಯಿತು. ಅಕ್ಷತೆಯ ಅಕ್ಕಿ ಹಿಡಿದಿದ್ದವರು ಅದನ್ನೂ ಎರಚಿದರು. ಯಾವುದು ಹೊಟ್ಟು, ಯಾವುದು ಅಕ್ಕಿ, ಯಾರು ಅಳುತ್ತಿದ್ದಾರೆ, ಯಾರು ಸೀನುತ್ತಿದ್ದಾರೆ ತಿಳಿಯಲಿಲ್ಲ. ಹುಡುಗಿ ಕಾರಿನ ಹತ್ತಿರ ತಿರುಗಿ ಅಪ್ಪನ ಕಾಲು ಮುಟ್ಟಿದಳು. ಎದ್ದವಳು ಒಮ್ಮೆ ಸೀನಿದಳು, ಭಾವನೂ ಸೀನಿದರು. ಹೇಳಬೇಕಾದದ್ದೆಲ್ಲ ಹಾಗೆಯೇ ಮುಗಿಯಿತು. ಗಂಡಿನ ಸೋದರಮಾವ ಕಾರು ಹತ್ತುವ ಮೊದಲು ಕೂದಲಿನ ಹೊಟ್ಟು ಕೊಡವಿಕೊಂಡು, “ಬೀಗರ, ಮದುವಿ ಭಾಳ ಶಾಸ್ತ್ರೋಕ್ತ ಮಾಡಿದ್ರಿ,” ಎಂದು ಕೈ ಮುಗಿದರು.

ಕಾರುಗಳು ಹೋದ ಮೇಲೆ ನಮ್ಮವರು ಮಿಶಿನ್ನು ನಿಲ್ಲಿಸಲಿಲ್ಲ. ಕೆಂಪು ದೀಪ ಆರಿತ್ತು, ಇಂಜಿನ್ನು ಬಾಯಿಬಿಟ್ಟು ಹಾಡುತ್ತಿತ್ತು. ಉಳಿದ ಪಟ್ಟಿಯನ್ನು ಹೋಗಿ ಬಂದು, ಹೋಗಿ ಬಂದು, ಬಿಸಿಲು ಇಳಿಯುವುದರೊಳಗೆ ಬೋಳಿಸಿದರು. ಡೊಳ್ಳಿನವನು ಮೂಲೆಯಲ್ಲಿ ಬಿಟ್ಟುಹೋಗಿದ್ದ ಟವೆಲ್ಲೂ ಸಿಕ್ಕಿತು. ಈ ಕಡೆ ಚಪ್ಪರದವರು ಬಟ್ಟೆ ಸುತ್ತಿ, ಕಂಬ ಕಿತ್ತು, ಗಾಡಿಗೆ ಹೇರುತ್ತಿದ್ದರು. ಕೊನೆಯ ಕಂಬ ಎದ್ದಾಗ ನಮ್ಮ ಕೊಟ್ಟಿಗೆಯಿಂದ ರಸ್ತೆಯವರೆಗೆ ಹೊಲ ಅಂಗೈಯಷ್ಟು ಚೊಕ್ಕಟವಾಗಿ ಬಿದ್ದಿತ್ತು. ಒಂದು ದಂಟು ಅಡ್ಡವಿರಲಿಲ್ಲ.

ಭಾವ ಅದರ ನಡುವೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಎಷ್ಟೋ ಹೊತ್ತು ನೋಡಿದರು. ನಾನು ಹತ್ತಿರ ಹೋದಾಗ ತಿರುಗದೆಯೇ ಹೇಳಿದರು:

“ಈಗ ನೋಡವ್ವಾ ತಂಗಿ, ಎಂಥಾ ಜಾಗ ಆತು, ಮದುವಿ ಮಾಡಾಕ.”